ಅಣಬೆಯ ಮ್ಯಾಕ್ರೋ: ಮೊದಲು ಬೆಳಕು, ಆಮೇಲೆ ಸ್ಟ್ಯಾಕಿಂಗ್

ಫೋಕಸನ್ನು ತುಸುತುಸುವೇ ಸರಿಸುತ್ತ ತೆಗೆದ ಹಲವು ಫ್ರೇಮ್‌ಗಳನ್ನು ಸಾಫ್ಟ್‌ವೇರಿನಲ್ಲಿ ಜೋಡಿಸಿ ಒಂದೇ ನಿಚ್ಚಳ ಚಿತ್ರ ಮಾಡುವುದು ಫೋಕಸ್ ಸ್ಟ್ಯಾಕಿಂಗ್. ಅದು ಕೈಗೆ ಹತ್ತಿದ ಹೊಸತರಲ್ಲಿ ಎಲ್ಲರ ಅಣಬೆ ಚಿತ್ರಗಳೂ ಒಂದೇ ಥರ ಇರುತ್ತವೆ. ಕೊಡೆಯ ಮುಂದಿನ ಅಂಚಿನಿಂದ ಹಿಡಿದು ಹಿಂದಿನ ತರಗೆಲೆಯವರೆಗೆ ಎಲ್ಲವೂ ನಿಚ್ಚಳ, ನೋಡಿದರೆ ಮಾತ್ರ ಸಪ್ಪೆ. ಮೂವತ್ತು ಫ್ರೇಮ್ ಸೇರಿಸಿದರೆ ವಿವರ ಹೆಚ್ಚುತ್ತದೆ, ನಿಜ. ಆದರೆ ಬೆಳಕು ಚಪ್ಪಟೆಯಾಗಿದ್ದರೆ ಅದು ಮೂವತ್ತೂ ಫ್ರೇಮಿನಲ್ಲಿ ಚಪ್ಪಟೆಯೇ, ಯಾವ ಸಾಫ್ಟ್‌ವೇರೂ ಅದನ್ನು ಎತ್ತಿ ನಿಲ್ಲಿಸಲಾರದು. ಇನ್ನೊಂದು ಮಾತು: ಚಿತ್ರದಲ್ಲಿ ಎಷ್ಟು ಭಾಗ ಫೋಕಸ್‌ನಲ್ಲಿರಬೇಕು ಎಂಬುದಕ್ಕಿಂತ ಎಲ್ಲಿಗೆ ನಿಲ್ಲಿಸಬೇಕು ಎಂಬ ತೀರ್ಮಾನ ದೊಡ್ಡದು. ಈ ಎರಡನ್ನು ತಲೆಯಲ್ಲಿಟ್ಟುಕೊಂಡು, ಅಣಬೆ ಹುಡುಕುವುದರಿಂದ ಕೊನೆಯ ಫೈಲ್ ಉಳಿಸುವವರೆಗೆ ಒಂದೊಂದೇ ಹಂತ ನೋಡೋಣ.

ಯಾವಾಗ, ಎಲ್ಲಿ, ಯಾವುದು

ಮಲೆನಾಡಿನಲ್ಲಿ ಗುಡುಗು ಬಿದ್ದರೆ ಅಣಬೆ ಏಳುತ್ತದೆ ಎನ್ನುತ್ತಾರೆ. ಫೋಟೋಗ್ರಾಫರಿಗೆ ಬೇಕಾದ ಲೆಕ್ಕ ಇನ್ನೂ ಸರಳ: ಮೂರ್ನಾಲ್ಕು ದಿನ ಸುರಿದು ಒಂದು ದಿನ ಹೊಳವು ಕೊಟ್ಟ ಬೆಳಗ್ಗೆ ಹೊರಡಿ. ಆರಿದ್ರಾ ಮಳೆಯಿಂದ ಮಘೆಯವರೆಗೆ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ಮುಗಿಯುವ ತನಕ, ಪಶ್ಚಿಮ ಘಟ್ಟದ ಸೆರಗಿನಲ್ಲಿ ಸುಗ್ಗಿ. ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನದೊಳಗೆ ಅರಣ್ಯ ಇಲಾಖೆಯ ಅನುಮತಿ ಬೇಕು, ಸಿಕ್ಕರೂ ದಾರಿ ಬಿಟ್ಟು ನೆಲದಲ್ಲಿ ಮಲಗಲು ಬಿಡುವುದಿಲ್ಲ. ಅದಕ್ಕಿಂತ ಪರಿಚಯದವರ ಅಡಿಕೆ ತೋಟ, ಕಾಫಿ ತೋಟದ ಅಂಚು ಒಳ್ಳೆಯದು. ಒಳಗೆ ಕಾಲಿಡುವ ಮೊದಲೇ ಕೇಳಿಬಿಡಿ. ಮಳೆಗಾಲದಲ್ಲಿ ಬಗ್ಗಿ ಬಗ್ಗಿ ನೆಲ ನೋಡುತ್ತ ಓಡಾಡುವ ಅಪರಿಚಿತ, ತಿನ್ನುವ ಹೆಗ್ಗಾಲಣಬೆ ಕೀಳಲು ಬಂದವನೆಂದೇ ತೋಟದವರು ತಿಳಿಯುತ್ತಾರೆ, ಅವರ ಸಿಟ್ಟಿಗೆ ಕಾರಣವೂ ಇದೆ.

ಕಲಿಯಲು ಕಾಡೇ ಬೇಕೆಂದಿಲ್ಲ. ಬೆಂಗಳೂರಿನ ಬಾಲ್ಕನಿಯ ಹೂಕುಂಡದಲ್ಲಿ ಮಳೆಗಾಲಕ್ಕೆ ಏಳುವ ನಿಂಬೆಹಳದಿ ಅಣಬೆ, ಲ್ಯೂಕೊಕಾಪ್ರಿನಸ್, ಅಭ್ಯಾಸಕ್ಕೆ ಹೇಳಿ ಮಾಡಿಸಿದ ಮಾದರಿ. ಕುಂಡವನ್ನು ಮೇಜಿನ ಮೇಲಿಟ್ಟುಕೊಂಡು, ಗಾಳಿಯ ಕಾಟವಿಲ್ಲದೆ ಇಡೀ ಕ್ರಮವನ್ನು ಕಲಿಯಬಹುದು. ಒಂದು ದಿನ ಅರಳಿ ಮರುದಿನ ಜೋಲುತ್ತದೆ, ಹಾಗಾಗಿ ನಾಳೆಗೆ ಇಡಬೇಡಿ.

ಆರಿಸುವಾಗ ಆಕಾರಕ್ಕಿಂತ ಮೊದಲು ಅದರ ತೆಳುವು ನೋಡಿ. ಮೈಸೀನಾ, ಮ್ಯಾರಾಸ್ಮಿಯಸ್ ಜಾತಿಯವು ತರಗೆಲೆ, ಕಡ್ಡಿಗಳ ಮೇಲೆ ದಾರದಂಥ ಕಾಲಿನ ಮೇಲೆ ನಿಂತಿರುತ್ತವೆ. ಕೊಡೆಯನ್ನು ಬೆಳಕಿಗೆ ಅಡ್ಡ ಹಿಡಿದರೆ ಹಸಿ ಹಪ್ಪಳವನ್ನು ಬಿಸಿಲಿಗೆ ಹಿಡಿದ ಹಾಗೆ ಬೆಳಕು ಒಳಗಿಂದ ಹಾಯುತ್ತದೆ, ಕೊಡೆಯಡಿಯ ತೆಳು ಹಾಳೆಗಳಾದ ಗಿಲ್‌ಗಳ ಸಾಲು ಕಪ್ಪು ಗೆರೆಗಳಾಗಿ ಮೂಡುತ್ತದೆ. ಲಡ್ಡಾದ ದಿಮ್ಮಿಯ ಮೇಲೆ ಬರುವ ಕುಕೈನಾ ಬಟ್ಟಲುಗಳಿಗೂ ಈ ಗುಣ ಇದೆ. ದಪ್ಪ, ಮರದಂಥ ಗ್ಯಾನೊಡರ್ಮಾಕ್ಕೆ ಬೆಳಕು ಹಾಯುವುದಿಲ್ಲ, ಅದಕ್ಕೆ ಪಕ್ಕದ ಬೆಳಕೇ ಸರಿ. ಒಣಕೊಂಬೆಗಳ ಮೇಲೆ ಊರೆಲ್ಲ ಕಾಣುವ ಸ್ಕಿಜೋಫಿಲಮ್ ಕಮ್ಯೂನ್ ಅನ್ನು ಬಹಳ ಜನ ಕಡೆಗಣಿಸುತ್ತಾರೆ. ಅದರ ಅಡಿಭಾಗ ಒಮ್ಮೆ ನೋಡಿ: ಪ್ರತಿ ಗಿಲ್ಲೂ ಉದ್ದಕ್ಕೆ ಸೀಳಿಕೊಂಡು, ಒಣಗಿದಾಗ ಒಳಕ್ಕೆ ಸುರುಳಿಯಾಗಿ, ತೇವ ಬಂದಾಗ ಬಿಚ್ಚಿಕೊಳ್ಳುತ್ತದೆ. ಒಂದೂವರೆ ಸೆಂಟಿಮೀಟರಿನಲ್ಲಿ ಅಷ್ಟೊಂದು ಗೆರೆ ಬೇರೆಲ್ಲೂ ಸಿಗದು.

ಚೀಲದಲ್ಲಿ ಏನೇನು

90ರಿಂದ 105 ಮಿ.ಮೀ. ಮ್ಯಾಕ್ರೋ ಲೆನ್ಸ್ ಇದ್ದರೆ ಅನುಕೂಲ: 1:1 ಹಿಗ್ಗುವಿಕೆ ಸಿಗುತ್ತದೆ (ಕ್ಯಾಮೆರಾದ ಸಂವೇದಕದ ಮೇಲೆ ಅಣಬೆ ತನ್ನ ನಿಜ ಗಾತ್ರದಲ್ಲೇ ಮೂಡುತ್ತದೆ), ಲೆನ್ಸಿಗೂ ಅಣಬೆಗೂ ನಡುವೆ ದೀಪ ಇಡುವಷ್ಟು ಜಾಗವೂ ಉಳಿಯುತ್ತದೆ. ಇಲ್ಲದಿದ್ದರೆ ಇರುವ ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಸಿಕ್ಕಿಸುವ ಎಕ್ಸ್‌ಟೆನ್ಶನ್ ಟ್ಯೂಬ್ ಅಥವಾ ಒಳ್ಳೆಯ ಕ್ಲೋಸಪ್ ಫಿಲ್ಟರ್ ಸಾಕು. ಫೋನಿನವರೂ ಮ್ಯಾನ್ಯುಯಲ್ ಫೋಕಸ್ ಇರುವ ಕ್ಯಾಮೆರಾ ಆ್ಯಪ್ ಇದ್ದರೆ, ಚಿಕ್ಕ ಸ್ಟ್ಯಾಂಡಿನ ಮೇಲಿಟ್ಟು, ಇದೇ ಕ್ರಮ ಅನುಸರಿಸಬಹುದು.

ನಡುಗಂಬ ಇಲ್ಲದ, ಕಾಲು ಪೂರ್ತಿ ಅಗಲಿಸಿ ನೆಲಕ್ಕೆ ಕೂರುವ ಟ್ರೈಪಾಡ್ ಬೇಕು. ಅದೂ ಎತ್ತರವೆನಿಸುವ ಕಡೆ ಅಕ್ಕಿ ತುಂಬಿದ ಬಟ್ಟೆಯ ಚೀಲದ ಮೇಲೆ ಕ್ಯಾಮೆರಾ ಕೂರಿಸಿ. ಅಂಗೈಯಗಲದ ಎರಡು ಎಲ್‌ಇಡಿ ಪ್ಯಾನೆಲ್, ಬಣ್ಣದ ತಾಪ (ಬೆಳಕು ಹಳದಿಯೋ ನೀಲಿಯೋ ಎಂಬ ಅಳತೆ, ಕೆಲ್ವಿನ್‌ನಲ್ಲಿ) ಬದಲಿಸಲು ಬರುವಂಥವು. ಒಂದು ಸಣ್ಣ ಟಾರ್ಚ್. ಬೆಳಕು ಮೆದುಗೊಳಿಸಲು ಬಟರ್ ಪೇಪರ್, ಇಲ್ಲವೇ ಟಿವಿ ಡಬ್ಬದಲ್ಲಿ ಬರುವ ತೆಳು ಬಿಳಿ ಫೋಮ್ ಹಾಳೆ. ಬೆಳಕು ತಿರುಗಿಸಲು ಅಂಗಡಿಯ ರಿಫ್ಲೆಕ್ಟರ್ ದಂಡ. ಪ್ರಸಾದ ಕೊಡುವ ಬೆಳ್ಳಿಬಣ್ಣದ ಕಾಗದದ ತಟ್ಟೆಯನ್ನು ಕತ್ತರಿಸಿ, ಬಾಗಿಸಿ, ಕಡ್ಡಿಗೆ ಸಿಕ್ಕಿಸಿದರೆ ಅಣಬೆಗೆ ಅದೇ ಜಾಸ್ತಿ. ಚಿತ್ರ ಬಿಡಿಸುವ ಮೆತ್ತನೆಯ ಕುಂಚ, ನೀರು ಚಿಮುಕಿಸುವ ಬಾಟಲಿ, ಮಂಡಿಗೆ ಗೋಣಿಚೀಲ, ಮಳೆಗೆ ಹಿಡಿಯುವ ಒಂದು ದೊಡ್ಡ ಕೊಡೆ. ಇಂಬಳಕ್ಕೆ ನಿಮ್ಮೂರಿನ ಮದ್ದು ಏನಿದೆಯೋ ಅದು. ಮಲಗುವ ಮುಂಚೆ ತರಗೆಲೆಯನ್ನು ಕೋಲಿನಿಂದ ಸರಿಸಿ ನೋಡುವುದನ್ನು ಮರೆಯಬೇಡಿ, ಗುಳಿಮಂಡಲದ ಹಾವುಗಳಿಗೂ ಅದೇ ಜಾಗ ಇಷ್ಟ.

ಚೌಕಟ್ಟು ಮತ್ತು ಹಿನ್ನೆಲೆ

ಟ್ರೈಪಾಡ್ ಬಿಚ್ಚುವ ಮೊದಲು ಕ್ಯಾಮೆರಾ ಕೈಯಲ್ಲೇ ಹಿಡಿದು ಅಣಬೆಯ ಸುತ್ತ ಒಂದು ಸುತ್ತು ಬನ್ನಿ. ಲೆನ್ಸಿನ ಮಟ್ಟ ಕೊಡೆಯ ಅಂಚಿಗಿಂತ ಒಂದು ಕೂದಲಷ್ಟು ಕೆಳಗಿದ್ದರೆ ಗಿಲ್‌ಗಳೂ ಕಾಣುತ್ತವೆ, ಅಣಬೆಗೆ ಎತ್ತರವೂ ಬರುತ್ತದೆ. ಮೇಲಿನಿಂದ ತೆಗೆದ ಅಣಬೆ ಗುಂಡಿಯಂತೆ ಕಾಣುತ್ತದಷ್ಟೇ.

ಹಿನ್ನೆಲೆಯನ್ನು ಅಣಬೆಯಷ್ಟೇ ಗಂಭೀರವಾಗಿ ಹುಡುಕಿ. ಹಿಂದೆ ಒಂದೂವರೆ ಎರಡು ಮೀಟರ್ ದೂರದಲ್ಲಿ ಎಲೆಗಳ ಸಂದಿನಿಂದ ಆಕಾಶ ಇಣುಕುತ್ತಿದ್ದರೆ ಅಲ್ಲಿ ಬೆಳಕಿನ ಗುಂಡುಗಳು ಸಿಗುತ್ತವೆ. ಎಫ್/2.8 ಅಥವಾ ಎಫ್/4ರಲ್ಲಿ (ಇದು ಅಪರ್ಚರ್, ಅಂದರೆ ಲೆನ್ಸಿನ ಕಿಂಡಿಯ ಅಳತೆ; ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಅವು ದುಂಡಗೆ, ದೊಡ್ಡದಾಗಿ ಬರುತ್ತವೆ. ಅಪರ್ಚರ್ ಕಿರಿದು ಮಾಡುತ್ತ ಹೋದರೆ ಸಣ್ಣದಾಗಿ, ಬಹಳಷ್ಟು ಲೆನ್ಸ್‌ಗಳಲ್ಲಿ ಮೂಲೆಮೂಲೆಯಾಗುತ್ತವೆ. ಸ್ಟ್ಯಾಕಿಂಗಿನ ನಿಜವಾದ ಲಾಭ ಇಲ್ಲಿದೆ. ಒಂದೇ ಫ್ರೇಮಿನಲ್ಲಿ ಇಡೀ ಅಣಬೆ ಸ್ಪಷ್ಟವಾಗಬೇಕೆಂದರೆ ಎಫ್/16ಕ್ಕೆ ಹೋಗಬೇಕು, ಆಗ ಹಿಂದಿನ ಕಸಕಡ್ಡಿಯೂ ಎದ್ದು ಬರುತ್ತದೆ. ಎಫ್/4ರಲ್ಲಿ ಸ್ಟ್ಯಾಕ್ ಮಾಡಿದರೆ ಅಣಬೆ ಪೂರ್ತಿ ಸ್ಪಷ್ಟ, ಹಿನ್ನೆಲೆ ಪೂರ್ತಿ ಕರಗಿದ್ದು, ಎರಡೂ ಒಟ್ಟಿಗೆ.

ಕೊಡೆಗೆ ಅಂಟಿದ ಮಣ್ಣು, ಜೇಡರ ಬಲೆಯ ಎಳೆಗಳನ್ನು ಕುಂಚದಲ್ಲಿ ತೆಗೆಯಿರಿ. ಹಾವಸೆ ಕಿತ್ತು ತಂದು ಅಲಂಕರಿಸುವುದು, ಅಣಬೆಯನ್ನೇ ಕಿತ್ತು ಚಂದದ ದಿಮ್ಮಿಯ ಮೇಲೆ ನೆಡುವುದು ಈಚೆಗೆ ಬಹಳ ನಡೆಯುತ್ತಿದೆ. ನೆಲದಲ್ಲಿ ಬೆಳೆಯುವ ಜಾತಿ ಕಟ್ಟಿಗೆಯ ಮೇಲೆ ನಿಂತಿದ್ದರೆ ಬಲ್ಲವರಿಗೆ ಕ್ಷಣದಲ್ಲಿ ಗೊತ್ತಾಗುತ್ತದೆ.

ಬೆಳಕು ಕಟ್ಟುವುದು

ಮೊದಲು ಯಾವ ದೀಪವನ್ನೂ ಹಚ್ಚದೆ, ಇರುವ ಬೆಳಕಿನಲ್ಲೇ ಒಂದು ಚಿತ್ರ ತೆಗೆಯಿರಿ. ಮೋಡದ ಬೆಳಕು ಮೇಲಿಂದ ಬೀಳುವುದರಿಂದ ಕೊಡೆಯ ತಲೆ ಬೆಳ್ಳಗೆ, ಅಡಿಭಾಗ ಕಪ್ಪಗೆ ಬಂದಿರುತ್ತದೆ. ಬೆಳ್ಳಿ ಕಾಗದವನ್ನು ಅಣಬೆಯ ಮುಂದೆ, ಚೌಕಟ್ಟಿನ ಕೆಳಗೆ ಇಟ್ಟು ಮತ್ತೊಂದು ತೆಗೆಯಿರಿ. ಗಿಲ್‌ಗಳು ತೆರೆದುಕೊಳ್ಳುತ್ತವೆ. ಎಷ್ಟೋ ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ಹಿಂಬೆಳಕು. ಒಂದು ಎಲ್‌ಇಡಿಯನ್ನು ಅಣಬೆಯ ಹಿಂದೆ, ಒಂದು ಪಕ್ಕಕ್ಕೆ, ಕೊಡೆಗಿಂತ ಸ್ವಲ್ಪ ಮೇಲೆ ಇಟ್ಟು 45 ಡಿಗ್ರಿ ಓರೆಯಾಗಿ ಕೆಳಕ್ಕೆ ತಿರುಗಿಸಿ. ದೀಪ ಚೌಕಟ್ಟಿನ ಹೊರಗಿರಲಿ, ಬೆಳಕು ನೇರ ಲೆನ್ಸಿಗೆ ಹೊಡೆಯದಂತೆ ಹುಡ್ ಹಾಕಿ ಅಥವಾ ಅಂಗೈ ಅಡ್ಡ ಹಿಡಿದು ನೋಡಿ. ಅಡ್ಡ ಹಿಡಿದಾಗ ಚಿತ್ರದ ಕಪ್ಪು ಗಟ್ಟಿಯಾದರೆ ಅಲ್ಲಿ ಬೆಳಕು ಸೋರುತ್ತಿತ್ತು ಎಂದರ್ಥ, ಒಂದು ರಟ್ಟಿನ ತುಂಡನ್ನು ಅಲ್ಲೇ ನಿಲ್ಲಿಸಿ. ಈಗ ಕೊಡೆಯ ಅಂಚಿಗೆ ಹೊಳೆಯುವ ಗೆರೆ ಬರುತ್ತದೆ, ತೆಳು ಕೊಡೆಯಾದರೆ ಒಳಗಿಂದ ಹೊತ್ತಿಕೊಂಡಂತೆ ಕಾಣುತ್ತದೆ. ಮುಂದಿನ ಕಡೆ ಬೆಳ್ಳಿ ಕಾಗದ, ಅಥವಾ ಬಟರ್ ಪೇಪರ್ ಕಟ್ಟಿದ ಎರಡನೇ ದೀಪ. ಹಿಂದಿನದಕ್ಕಿಂತ ಮುಂದಿನ ಬೆಳಕು ಒಂದೂವರೆ ಎರಡು ಸ್ಟಾಪ್ ಕಡಿಮೆ ಇರಲಿ (ಒಂದು ಸ್ಟಾಪ್ ಕಡಿಮೆಯೆಂದರೆ ಬೆಳಕು ಅರ್ಧ). ಎರಡೂ ಸಮನಾದರೆ ಹಿಂಬೆಳಕಿನ ಮಾಯೆ ಸತ್ತುಹೋಗುತ್ತದೆ.

ಬಣ್ಣದ ಆಟವೂ ಇಲ್ಲೇ. ಹಿಂದಿನ ದೀಪವನ್ನು 3200 ಕೆಲ್ವಿನ್ ಸುಮಾರಿಗೆ ಇಟ್ಟು ಯಾವ ಬೆಳಕನ್ನು ಬಿಳಿಯೆಂದು ಎಣಿಸಬೇಕೆಂದು ಕ್ಯಾಮೆರಾಕ್ಕೆ ಹೇಳುವ ವೈಟ್ ಬ್ಯಾಲೆನ್ಸ್ ಅನ್ನು 4500ಕ್ಕೆ ನಿಲ್ಲಿಸಿದರೆ ಅಣಬೆ ಬೆಚ್ಚಗೆ, ಮೋಡದ ಬೆಳಕಿನ ಹಿನ್ನೆಲೆ ನೀಲಿಗೆ ತಿರುಗುತ್ತದೆ. ಮುಸ್ಸಂಜೆಯಲ್ಲಿ ಇದು ಇನ್ನೂ ಚೆನ್ನ. ಕಾಡಿನೊಳಗೆ ಎಲೆಗಳಿಂದ ಸೋಸಿ ಬರುವ ಬೆಳಕಿಗೆ ಹಸಿರು ಛಾಯೆ ಇರುತ್ತದೆ, ಬಿಳಿ ಅಣಬೆಯಲ್ಲಿ ಅದು ಕೂಡಲೇ ಗೊತ್ತಾಗುತ್ತದೆ. ಅಲ್ಲಿ ಬೂದುಬಣ್ಣದ ಕಾರ್ಡ್ ಇಟ್ಟು ಒಂದು ಫ್ರೇಮ್ ತೆಗೆದುಕೊಂಡರೆ ಆಮೇಲೆ ಸರಿಪಡಿಸುವುದು ಸುಲಭ.

ಕಾಲಿನ ಹಿಂದೆ ಪುಟ್ಟ ದೀಪ ಬಚ್ಚಿಟ್ಟು ಕೊಡೆಯನ್ನು ಅಡಿಯಿಂದ ಬೆಳಗಿಸುವುದು ಈಗ ಜನಪ್ರಿಯ. ಒಂದೆರಡು ಚಿತ್ರಕ್ಕೆ ಸೊಗಸು, ಹತ್ತನೆಯದಕ್ಕೆ ಎಲ್ಲವೂ ಹೋಟೆಲಿನ ಮೇಜುದೀಪದ ಜಾಹೀರಾತು. ಮಾಡುವುದಾದರೆ ದೀಪದ ಪ್ರಮಾಣ ತೀರಾ ತಗ್ಗಿಸಿ, ಕಾಲಿನ ಬುಡದ ಮಣ್ಣು ಸುಟ್ಟಂತೆ ಬಿಳಿಚಿಕೊಳ್ಳದ ಹಾಗೆ ನೋಡಿಕೊಳ್ಳಿ.

ನೀರಿನ ಹನಿಗಳ ಬಗ್ಗೆ ಒಂದು ಸೂಕ್ಷ್ಮ. ಕೊಡೆಯ ಮೇಲಿನ ಪ್ರತಿ ಹನಿಯೂ ಒಂದು ಪುಟ್ಟ ಕನ್ನಡಿ, ನಿಮ್ಮ ದೀಪದ ಆಕಾರ ಅದರಲ್ಲಿ ಅಚ್ಚೊತ್ತುತ್ತದೆ. ರಿಂಗ್ ಲೈಟ್ ಬಳಸಿದರೆ ಹನಿಹನಿಯಲ್ಲೂ ಬಳೆ, ಬರಿಯ ಎಲ್‌ಇಡಿಯಾದರೆ ಚುಕ್ಕೆಗಳ ಚೌಕ. ಫೋಮ್ ಹಾಳೆಯನ್ನು ದೀಪದಿಂದ ಸ್ವಲ್ಪ ದೂರ, ಅಣಬೆಗೆ ಆದಷ್ಟು ಹತ್ತಿರ ತಂದಷ್ಟೂ ಹನಿಯೊಳಗಿನ ಹೊಳಪು ಮೆತ್ತಗೆ ಹರಡುತ್ತದೆ. ತೆರೆಯ ಮೇಲೆ ಒಂದು ಹನಿಯನ್ನು ಪೂರ್ತಿ ಹಿಗ್ಗಿಸಿ ನೋಡಿ, ಬೆಳಕಿನ ತಪ್ಪೆಲ್ಲ ಅದರಲ್ಲೇ ಸಿಗುತ್ತದೆ.

ಸ್ಟ್ಯಾಕ್ ಮುಗಿಯುವವರೆಗೆ ಬೆಳಕು ಅಲುಗಬಾರದು. ಟಾರ್ಚನ್ನು ಕೈಯಲ್ಲಿ ಹಿಡಿದು ಬೆಳಗಿಸುವುದು ಒಂಟಿ ಚಿತ್ರಕ್ಕೆ ನಡೆಯುತ್ತದೆ, ಸ್ಟ್ಯಾಕಿಗೆ ನಡೆಯದು. ಫ್ರೇಮಿನಿಂದ ಫ್ರೇಮಿಗೆ ಪ್ರಖರತೆ ಕೊಂಚ ಬದಲಾದರೆ ಸಾಫ್ಟ್‌ವೇರ್ ಸರಿದೂಗಿಸುತ್ತದೆ. ನೆರಳು ಜಾಗ ಬದಲಿಸಿದರೆ ಅದಕ್ಕೆ ಮದ್ದಿಲ್ಲ. ಮೋಡದ ಮರೆಯಿಂದ ಬಿಸಿಲು ಬಂದು ಹೋಗುತ್ತಿದ್ದರೆ ನಿಮ್ಮ ಕೊಡೆ ಬಿಚ್ಚಿ ನೆರಳು ಮಾಡಿಕೊಳ್ಳಿ.

ಎಷ್ಟು ಫ್ರೇಮ್ ಬೇಕು

ಪೂರ್ಣ ಫ್ರೇಮ್ (35 ಮಿ.ಮೀ. ಫಿಲ್ಮಿನಷ್ಟು ದೊಡ್ಡ ಸಂವೇದಕದ) ಕ್ಯಾಮೆರಾದಲ್ಲಿ 1:1 ಹಿಗ್ಗುವಿಕೆ, ಎಫ್/5.6 ಇದ್ದಾಗ ಫೋಕಸ್‌ನಲ್ಲಿರುವ ಆಳ ಸುಮಾರು 0.67 ಮಿ.ಮೀ. ಮಾತ್ರ. ಅರ್ಧ ಹಿಗ್ಗುವಿಕೆಯಲ್ಲಿ, ಅಂದರೆ 1:2ರಲ್ಲಿ, ಅದು 2 ಮಿ.ಮೀ. ಆಗುತ್ತದೆ. ಒಂದು ಫ್ರೇಮಿನ ಆಳ ಮುಂದಿನದರ ಮೇಲೆ ಮೂರನೇ ಒಂದರಷ್ಟು ಹಾಯ್ದಿರಬೇಕು. ಹಾಗಾದರೆ 12 ಮಿ.ಮೀ. ಅಗಲದ ಮೈಸೀನಾ ಕೊಡೆಗೆ 1:1ರಲ್ಲಿ ಒಂದೊಂದು ಹೆಜ್ಜೆ 0.45 ಮಿ.ಮೀ., ಒಟ್ಟು 27 ಫ್ರೇಮ್. ಸಂವೇದಕ ಚಿಕ್ಕದಾದ ಎಪಿಎಸ್-ಸಿ ಕ್ಯಾಮೆರಾದಲ್ಲಿ ಇದೇ ಕೆಲಸಕ್ಕೆ ಸುಮಾರು 40. ಹೆಚ್ಚು ತೆಗೆದರೆ ನಷ್ಟವಿಲ್ಲ, ನಡುವೆ ಒಂದು ಹೆಜ್ಜೆ ತಪ್ಪಿದರೆ ಮಾತ್ರ ಕೊಡೆಯ ಮೇಲೆ ಮಸುಕು ಪಟ್ಟಿ ಉಳಿದುಬಿಡುತ್ತದೆ.

ಫ್ರೇಮ್ ಉಳಿಸಲೆಂದು ಎಫ್/16ಕ್ಕೆ ಹೋಗುವುದು ಬೇಡ. 1:1ರಲ್ಲಿ ಲೆನ್ಸಿನ ಪರಿಣಾಮಕಾರಿ ಅಪರ್ಚರ್ ನೀವಿಟ್ಟ ಸಂಖ್ಯೆಯ ಎರಡರಷ್ಟಾಗುತ್ತದೆ. ಎಫ್/16 ಇಟ್ಟರೆ ಎಫ್/32ರ ಕೆಲಸ, ಬೆಳಕು ಕಿರುಗಂಡಿಯ ಅಂಚಿನಲ್ಲಿ ಬಾಗಿ ಹರಡಿ ಸೂಕ್ಷ್ಮ ವಿವರವೆಲ್ಲ ಮಂಕಾಗುತ್ತದೆ. ನಿಕಾನ್ ಮ್ಯಾಕ್ರೋ ಲೆನ್ಸನ್ನು ಹತ್ತಿರಕ್ಕೆ ಫೋಕಸ್ ಮಾಡುತ್ತ ಹೋದಾಗ ತೆರೆಯ ಮೇಲಿನ ಎಫ್ ಸಂಖ್ಯೆ ತಾನೇ ಏರುವುದು ಈ ಕಾರಣಕ್ಕೇ. ಎಫ್/4ರಿಂದ ಎಫ್/5.6ರ ನಡುವೆ ಇರಿ.

ತೆಗೆಯುವ ಕ್ರಮ

ಎಕ್ಸ್‌ಪೋಶರ್ ಮ್ಯಾನ್ಯುಯಲ್, ವೈಟ್ ಬ್ಯಾಲೆನ್ಸ್ ಒಂದೇ ಸಂಖ್ಯೆಗೆ, ಐಎಸ್‌ಒ (ಬೆಳಕಿಗೆ ಸಂವೇದಕದ ಚುರುಕು) 100 ಅಥವಾ 200, ಫೈಲ್ ರಾ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್). ಟ್ರೈಪಾಡ್ ಮೇಲಿರುವಾಗ ಸ್ಟೆಬಿಲೈಸೇಶನ್ ಆರಿಸಿಬಿಡಿ, ಅದು ಫ್ರೇಮನ್ನು ಕದಲಿಸಬಹುದು. ಎಲೆಕ್ಟ್ರಾನಿಕ್ ಶಟರ್ ಇಟ್ಟರೆ ಅದುರು ಇಲ್ಲ, ಆದರೆ ಅಗ್ಗದ ಎಲ್‌ಇಡಿಗಳು ಮಿನುಗುವುದರಿಂದ ಚಿತ್ರದಲ್ಲಿ ಅಡ್ಡಪಟ್ಟಿ ಬರಬಹುದು. ಒಂದು ಫ್ರೇಮ್ ತೆಗೆದು ನೋಡಿ, ಪಟ್ಟಿ ಕಂಡರೆ ಮೆಕ್ಯಾನಿಕಲ್ ಶಟರಿಗೆ ಬಂದು 2 ಸೆಕೆಂಡಿನ ಟೈಮರ್ ಹಾಕಿ.

ಫೋಕಸನ್ನು ತಾನೇ ಹೆಜ್ಜೆಹೆಜ್ಜೆಯಾಗಿ ಸರಿಸುತ್ತ ಫ್ರೇಮ್ ತೆಗೆಯುವ ಫೋಕಸ್ ಬ್ರಾಕೆಟಿಂಗ್ ಕ್ಯಾಮೆರಾದಲ್ಲೇ ಇದ್ದರೆ ಪುಣ್ಯ. ನಿಕಾನ್ 2017ರ ಡಿ850ಯಿಂದ ಅದನ್ನು ಫೋಕಸ್ ಶಿಫ್ಟ್ ಎಂಬ ಹೆಸರಿನಲ್ಲಿ ಕೊಟ್ಟಿದೆ. ಒಲಿಂಪಸ್, ಪ್ಯಾನಸೋನಿಕ್, ಕ್ಯಾನನ್, ಫ್ಯೂಜಿಯ ಹಲವು ಮಾದರಿಗಳಲ್ಲೂ ಇದೆ. ಮೆನುವಿನಲ್ಲಿ ಕೊಡುವ ಹೆಜ್ಜೆಯ ಸಂಖ್ಯೆಗೂ ಮಿಲಿಮೀಟರಿಗೂ ನೇರ ಸಂಬಂಧವಿಲ್ಲ, ಹಾಗಾಗಿ ಮನೆಯಲ್ಲಿ ಒಂದು ಸ್ಕೇಲನ್ನು ಓರೆಯಾಗಿಟ್ಟು ನಿಮ್ಮ ಲೆನ್ಸಿಗೆ ಯಾವ ಸಂಖ್ಯೆ ಸರಿ ಎಂದು ಕಂಡುಕೊಳ್ಳಿ. ಈ ಸೌಲಭ್ಯ ಇಲ್ಲದವರು ಲೈವ್ ವ್ಯೂನಲ್ಲಿ ಹಿಗ್ಗಿಸಿಕೊಂಡು ಫೋಕಸ್ ಉಂಗುರವನ್ನು ಉಗುರಿನ ಅಂಚಿನಷ್ಟು ತಿರುಗಿಸುತ್ತ ತೆಗೆಯಬೇಕು. 1:1ರ ತನಕ ಉಂಗುರ ತಿರುಗಿಸುವುದೇ ಒಳ್ಳೆಯದು. ಅದಕ್ಕಿಂತ ಹೆಚ್ಚು ಹಿಗ್ಗಿಸುವಾಗ ಇಡೀ ಕ್ಯಾಮೆರಾವನ್ನು ಹಿಂದೆಮುಂದೆ ಸರಿಸುವ ಫೋಕಸಿಂಗ್ ರೈಲ್ ಬೇಕಾಗುತ್ತದೆ.

ನಿಮಗೆ ಅತಿ ಹತ್ತಿರವಿರುವ ಅಂಚನ್ನು ಗುರುತಿಸಿ, ಅದಕ್ಕೂ ಎರಡು ಹೆಜ್ಜೆ ಮುಂಚಿನಿಂದ ಶುರುಮಾಡಿ. ಕೊಡೆಯ ಹಿಂದಿನ ಅಂಚು ದಾಟಿದ ಮೇಲೆ ಎರಡು ಹೆಜ್ಜೆ, ಅಲ್ಲಿಗೆ ನಿಲ್ಲಿಸಿ. ಹಿಂದಿನ ಹಾವಸೆಯೂ ಬರಲಿ ಎಂಬ ಆಸೆ ಹುಟ್ಟುತ್ತದೆ. ಕಾಲಿನ ಬುಡದ ಹಾವಸೆ ಅಣಬೆಯಷ್ಟೇ ಆಳದಲ್ಲಿರುವುದರಿಂದ ಅದು ತಾನಾಗಿಯೇ ಬಂದಿರುತ್ತದೆ, ಸಾಕು. ಫೋಕಸ್ ಸರಿದಂತೆ ಚಿತ್ರ ತುಸು ಹಿಗ್ಗುತ್ತ ಕುಗ್ಗುತ್ತ ಇರುತ್ತದೆ, ಜೋಡಿಸಿದ ಮೇಲೆ ಅಂಚು ಕತ್ತರಿಸಬೇಕಾಗುತ್ತದೆ. ಸುತ್ತ ಜಾಗ ಬಿಟ್ಟೇ ಚೌಕಟ್ಟು ಕಟ್ಟಿ. ಒಂದು ಸ್ಟ್ಯಾಕ್ ಮುಗಿದೊಡನೆ ಲೆನ್ಸಿನ ಮುಂದೆ ಅಂಗೈ ಹಿಡಿದು ಒಂದು ಫ್ರೇಮ್ ತೆಗೆಯಿರಿ. ಮನೆಗೆ ಬಂದು ನೂರಾರು ಒಂದೇ ಥರದ ಫೈಲ್ ನೋಡುವಾಗ ಯಾವುದು ಎಲ್ಲಿಗೆ ಮುಗಿಯಿತೆಂದು ಆ ಅಂಗೈಯೇ ಹೇಳುತ್ತದೆ.

ಮಳೆ ನಿಂತರೂ ಮರದ ಹನಿ ನಿಲ್ಲುವುದಿಲ್ಲ. ನಡುವೆ ಒಂದು ಹನಿ ಕೊಡೆಗೆ ಬಿದ್ದು ಅಣಬೆ ಓಲಾಡಿದರೆ ಆ ಸ್ಟ್ಯಾಕ್ ಬಿಟ್ಟು ಮೊದಲಿನಿಂದ ತೆಗೆಯುವುದೇ ಲೇಸು. ಗಾಳಿಗೆ ನೀವು ತಂದ ಕೊಡೆಯನ್ನು ನೆಲಕ್ಕೆ ಒರಗಿಸಿ ಅಡ್ಡ ಮಾಡಿ. ಅಣಬೆಯೂ ಸುಮ್ಮನಿರುವುದಿಲ್ಲ: ಬಲೆಯ ಲಂಗ ಇಳಿಬಿಡುವ ಫ್ಯಾಲಸ್ ಇಂಡ್ಯೂಸಿಯಾಟಸ್ ಅರಳುವ ಗಂಟೆಗಳಲ್ಲಿ ಎಷ್ಟು ಬೇಗ ಏಳುತ್ತದೆಂದರೆ ನಿಧಾನದ ಸ್ಟ್ಯಾಕಿನಲ್ಲಿ ಮೊದಲ ಫ್ರೇಮಿಗೂ ಕೊನೆಯ ಫ್ರೇಮಿಗೂ ಹೊಂದಿಕೆಯೇ ಆಗದು. ಅದಕ್ಕೆ ಚುರುಕಾದ, ಕಡಿಮೆ ಫ್ರೇಮಿನ ಸ್ಟ್ಯಾಕ್.

ಬೀಜಕದ ಹೊಗೆ, ರಾತ್ರಿಯ ಹೊಳಪು

ಹಣ್ಣಾದ ಅಣಬೆಯ ಕೊಡೆಯಡಿಯಿಂದ ಬೀಜಕಗಳು, ಅಂದರೆ ಬೀಜದ ಕೆಲಸ ಮಾಡುವ ಧೂಳಿನಂಥ ಕಣಗಳು, ಸುರಿಯುತ್ತಲೇ ಇರುತ್ತವೆ, ಬರಿಗಣ್ಣಿಗೆ ಕಾಣುವುದಿಲ್ಲ. ಹಿನ್ನೆಲೆ ಪೂರ್ತಿ ಕತ್ತಲಾಗಿರಬೇಕು, ಕಪ್ಪು ಬಟ್ಟೆಯಾದರೂ ಸರಿ. ಕಿರಿದಾದ ಕಿರಣದ ಟಾರ್ಚನ್ನು ಹಿಂದಿನ ಓರೆಯಿಂದ ಕೊಡೆಯ ಅಡಿಗೆ ಹಾಯಿಸಿ, ಗಾಳಿ ನಿಂತ ಗಳಿಗೆಯಲ್ಲಿ ಕಾಲು ಸೆಕೆಂಡಿನಿಂದ ಒಂದು ಸೆಕೆಂಡ್ ಶಟರ್ ಇಟ್ಟರೆ ಬೆಳ್ಳನೆಯ ಎಳೆಗಳು ಕಾಣಿಸುತ್ತವೆ. ಅಣಬೆ ತನ್ನ ತೇವ ಆರಿಸಿ ಸುತ್ತಲ ಗಾಳಿಯನ್ನು ತಂಪಾಗಿಸಿ ಸಣ್ಣ ಗಾಳಿಯೋಟವನ್ನೂ ಎಬ್ಬಿಸುತ್ತದೆ, ಎಳೆಗಳು ನೇರ ಬೀಳದೆ ಸುಳಿಯುವುದಕ್ಕೆ ಅದೂ ಕಾರಣ. ಕುಕೈನಾದಂಥ ಬಟ್ಟಲಣಬೆಗಳ ಮೇಲೆ ಮೆತ್ತಗೆ ಉಸಿರು ಬಿಟ್ಟರೆ ಒಮ್ಮೊಮ್ಮೆ ಬೀಜಕಗಳ ಮೋಡವನ್ನೇ ಒಟ್ಟಿಗೆ ಉಗುಳುತ್ತವೆ. ಚಲಿಸುವ ಹೊಗೆಯನ್ನು ಸ್ಟ್ಯಾಕ್ ಮಾಡಲಾಗದು. ಅಣಬೆಯ ಸ್ಟ್ಯಾಕ್ ಮುಗಿಸಿ, ಕ್ಯಾಮೆರಾ ಅಲುಗಿಸದೆ, ಫೋಕಸನ್ನು ಕಾಲಿನ ಮಟ್ಟಕ್ಕೆ ತಂದು ಹೊಗೆಯ ಹಲವು ಒಂಟಿ ಫ್ರೇಮ್ ತೆಗೆಯಿರಿ. ಒಳ್ಳೆಯದೊಂದನ್ನು ಆಮೇಲೆ ಲೈಟನ್ ಮೋಡ್‌ನಲ್ಲಿ (ಎರಡು ಚಿತ್ರಗಳಲ್ಲಿ ಹೆಚ್ಚು ಬೆಳಗಿದ ಭಾಗವನ್ನಷ್ಟೇ ಉಳಿಸುವ ಆಯ್ಕೆ) ಮೇಲೆ ಹೊದಿಸಬಹುದು.

ಮಳೆಗಾಲದ ರಾತ್ರಿ ಹಸಿರಾಗಿ ಹೊಳೆಯುವ ಅಣಬೆ ಸಿಕ್ಕರೂ ಇದೇ ಉಪಾಯ. ಸಂಜೆಯ ಕೊನೆಯ ಬೆಳಕಿನಲ್ಲಿ ಸ್ಟ್ಯಾಕ್ ಮಾಡಿಟ್ಟು, ಪೂರ್ತಿ ಕತ್ತಲಾದ ಮೇಲೆ ಎಫ್/2.8, ಐಎಸ್‌ಒ 3200, ಎರಡರಿಂದ ಐದು ನಿಮಿಷದ ಒಂದು ಫ್ರೇಮ್.

ಕಂಪ್ಯೂಟರಿನ ಮುಂದೆ

ಮೊದಲ ರಾ ಫೈಲ್ ಹದಗೊಳಿಸಿ ಅದೇ ಬದಲಾವಣೆಯನ್ನು ಎಲ್ಲ ಫ್ರೇಮಿಗೂ ಸಿಂಕ್ ಮಾಡಿ. ಶಾರ್ಪನಿಂಗ್ ಈಗಲೇ ಬೇಡ, ಹೊಳಪಿನ ಭಾಗಗಳನ್ನು ಮಾತ್ರ ಹಿಡಿದಿಡಿ. 16 ಬಿಟ್ ಟಿಫ್ ಆಗಿ ಹೊರತೆಗೆಯಿರಿ.

ಫೋಟೋಶಾಪ್‌ನಲ್ಲಿ ಲೋಡ್ ಫೈಲ್ಸ್ ಇಂಟು ಸ್ಟ್ಯಾಕ್, ಆಟೋ ಅಲೈನ್ ಲೇಯರ್ಸ್, ಆಟೋ ಬ್ಲೆಂಡ್ ಲೇಯರ್ಸ್‌ನಲ್ಲಿ ಸ್ಟ್ಯಾಕ್ ಇಮೇಜಸ್, ಇಷ್ಟೇ. ಹತ್ತಿಪ್ಪತ್ತು ಫ್ರೇಮಿಗೆ ಸಾಕು. ದೊಡ್ಡ ಸ್ಟ್ಯಾಕಿಗೆ ಹೆಲಿಕಾನ್ ಫೋಕಸ್ ಅಥವಾ ಝೆರೀನ್ ಸ್ಟ್ಯಾಕರ್ ದುಡ್ಡಿಗೆ ಮೋಸವಿಲ್ಲ. ದುಡ್ಡು ಹಾಕಲು ಮನಸ್ಸಿಲ್ಲದವರಿಗೆ ಪಿಕೋಲೇ ಪುಕ್ಕಟೆ. ಹೆಲಿಕಾನ್‌ನ ಬಿ ವಿಧಾನ, ಝೆರೀನ್‌ನ ಡಿಮ್ಯಾಪ್ ನುಣುಪಾದ ಕೊಡೆಗೆ ಹೊಂದುತ್ತವೆ, ಬಣ್ಣವನ್ನೂ ಕಾಪಾಡುತ್ತವೆ. ಒಂದರ ಮೇಲೊಂದು ಹಾಯುವ ಗಿಲ್‌ಗಳು, ಕುಕೈನಾದ ಅಂಚಿನ ರೋಮಗಳು ಇದ್ದಲ್ಲಿ ಹೆಲಿಕಾನ್‌ನ ಸಿ, ಝೆರೀನ್‌ನ ಪಿಮ್ಯಾಕ್ಸ್ ಬೇಕು, ಅವು ನಾಯ್ಸ್ ಮತ್ತು ಕಾಂಟ್ರಾಸ್ಟ್ ತುಸು ಹೆಚ್ಚಿಸುತ್ತವೆ. ನಾನು ಎರಡೂ ಥರ ಮಾಡಿ, ನುಣುಪಿನದನ್ನು ತಳಕ್ಕಿಟ್ಟು, ಎಳೆಗಳಿರುವ ಕಡೆ ಮಾತ್ರ ಇನ್ನೊಂದನ್ನು ಕುಂಚದಿಂದ ಎಳೆಯುತ್ತೇನೆ.

ಕೊಡೆಯ ಮುಂದಿನ ಅಂಚಿನ ಹಿಂದೆ ಗಿಲ್‌ಗಳಿರುವಲ್ಲಿ ಮಂಜಿನಂಥ ಬಿಳಿ ಪಟ್ಟಿ ಕಂಡೇ ಕಾಣುತ್ತದೆ. ಹಿಂದಕ್ಕೆ ಫೋಕಸ್ ಮಾಡಿದಾಗ ಮುಂದಿನ ಅಂಚು ಮಸುಕಾಗಿ ಹರಡಿ ತನ್ನ ಹಿಂದಿನದನ್ನು ಮುಚ್ಚಿರುತ್ತದೆ, ಹಾಗಾಗಿ ಆ ಜಾಗ ಯಾವ ಫ್ರೇಮಿನಲ್ಲೂ ಪೂರ್ತಿ ಸ್ಪಷ್ಟವಿಲ್ಲ. ರೀಟಚ್ ಕುಂಚ ಹಿಡಿದು, ಇದ್ದುದರಲ್ಲಿ ಚೆನ್ನಾಗಿರುವ ಫ್ರೇಮಿನಿಂದ ಬಳಿಯಿರಿ. ನಡುವೆ ನಡೆದುಹೋದ ಸ್ಪ್ರಿಂಗ್‌ಟೇಲ್ ಹುಳ ನಾಲ್ಕು ಕಡೆ ಕಂಡರೆ, ಚಂದದ ಒಂದನ್ನು ಉಳಿಸಿ ಮಿಕ್ಕವನ್ನು ಅಳಿಸಿ. ಹಿನ್ನೆಲೆಯಲ್ಲಿ ಸಾಲಾಗಿ ಕಪ್ಪು ಚುಕ್ಕೆಗಳ ಗೆರೆ ಇದ್ದರೆ ಅದು ಸಂವೇದಕದ ಒಂದೇ ಧೂಳಿನ ಕಣ. ಫ್ರೇಮ್‌ಗಳನ್ನು ಹೊಂದಿಸುವಾಗ ಪ್ರತಿ ಸಲ ಸರಿದು ಗೆರೆಯಾಗಿದೆ. ಹಿನ್ನೆಲೆಯನ್ನೆಲ್ಲ ಒಂದೇ ಫ್ರೇಮಿನಿಂದ, ಅಣಬೆಯ ಮುಂದಿನ ಭಾಗ ಫೋಕಸ್‌ನಲ್ಲಿದ್ದುದರಿಂದ, ತುಂಬಿಬಿಟ್ಟರೆ ಚುಕ್ಕೆಯ ಕಾಟವೂ ತಪ್ಪುತ್ತದೆ, ಬೆಳಕಿನ ಗುಂಡುಗಳೂ ದೊಡ್ಡದಾಗಿ ಉಳಿಯುತ್ತವೆ.

ಶಾರ್ಪನಿಂಗ್, ಬಣ್ಣ, ಕತ್ತರಿಸುವುದು ಕೊನೆಗೆ. ರಾ ಫೈಲ್‌ಗಳನ್ನೆಲ್ಲ ಸ್ಟ್ಯಾಕಿಗೊಂದು ಫೋಲ್ಡರಿನಲ್ಲಿ ಇಟ್ಟುಕೊಳ್ಳಿ. ಸ್ಪರ್ಧೆಗೆ ಕಳಿಸುವಾಗ ನಿಯಮ ಓದಿ: ಎಷ್ಟೋ ಪ್ರಕೃತಿ ಛಾಯಾಚಿತ್ರ ಸ್ಪರ್ಧೆಗಳು ಫೋಕಸ್ ಸ್ಟ್ಯಾಕಿಂಗನ್ನು ಒಪ್ಪುತ್ತವೆ, ಆದರೆ ಹಾಗೆಂದು ಬರೆಯಲು ಹೇಳುತ್ತವೆ, ಮೂಲ ಫ್ರೇಮ್‌ಗಳನ್ನೂ ಕೇಳುತ್ತವೆ. ಬೀಜಕದ ಹೊಗೆಯನ್ನು ಬೇರೆ ಫ್ರೇಮಿನಿಂದ ತಂದು ಹೊದಿಸಿದ ಚಿತ್ರವನ್ನು ಅವು ಸಂಯೋಜಿತ ಚಿತ್ರವೆಂದು ತಳ್ಳಿಹಾಕಬಹುದು, ಅಂಥದ್ದನ್ನು ಕ್ರಿಯೇಟಿವ್ ವಿಭಾಗಕ್ಕೆ ಕಳಿಸಿ.